ಹನ್ನೊಂದನೇ ನಂಬರಿನ ಕೋಟು

ಸತ್ತನೆಂಬ ಸುದ್ದಿ ಬಂದಾಗ ಮನೆಯ ದೊಡ್ಡ ಮಗ ಊಟಕ್ಕೆ ಕೂತಿದ್ದ. ಎರಡನೇ ಸಲ ಅನ್ನ ಹಾಕಿಸಿಕೊಂಡು, ಹುರುಳಿಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ಬೇಳೆಗೆ ಗುಳಿ ಮಾಡುತ್ತಿದ್ದ. ಕಾಲು ಗಂಟೆ ಮುಂಚೆ ಎಲ್ಲೋ ಭಾರೀ ಸದ್ದಾಗಿ ಅಡುಗೆಮನೆಯ ಕಿಟಕಿ ಅದುರಿತ್ತು. "ಕಲ್ಲುಗಣಿಯಲ್ಲಿ ಸಿಡಿಸಿರಬೇಕು, ನೀನು ತಿನ್ನು" ಎಂದಿದ್ದಳು ತಾಯಿ.

ಬಸ್ ನಿಲ್ದಾಣದ ಹಮಾಲಿ ಓಡುತ್ತ ಬಂದವನೇ ಹೊಸ್ತಿಲ ಮೇಲೆ ಕುಸಿದು, ಹೊಲಿಗೆ ಯಂತ್ರದ ಮುಂದಿದ್ದ ಹಿರಿಸೊಸೆಯ ಕಾಲು ಹಿಡಿದ.

"ಅಕ್ಕಾ, ಬಾಂಬು. ಬಿಲ್ಲೆಯಣ್ಣ ಹೋಗ್ಬಿಟ್ರು. ಕಣ್ಣಾರೆ ಕಂಡೆ. ಹನ್ನೊಂದನೇ ನಂಬರಿನ ಕೋಟು."

ಅವನ ಹಿಂದೆ ಬೀದಿಯ ನಾಲ್ಕಾರು ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಬಂದಿದ್ದರು. ಹಿರಿಸೊಸೆ ನಕ್ಕುಬಿಟ್ಟಳು.

"ಯಾರೋ ಹೋಗಿದ್ದು? ಅಲ್ಲಿ ನೋಡು, ಎರಡನೇ ಸಲ ಅನ್ನ ಹಾಕಿಸ್ಕೊಂಡು ಕೂತಿದಾರೆ!"

ಹೆಂಗಸರು ಒಳಗೆ ಇಣುಕಿ ಅಳುವಿನ ನಡುವೆಯೇ ನಕ್ಕರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಕಿರಿಸೊಸೆ ಒದ್ದೆ ಕೈಯಲ್ಲೇ ಓಡಿಬಂದು ಓರಗಿತ್ತಿಯನ್ನು ತಬ್ಬಿಕೊಂಡಳು. "ದೇವರು ದೊಡ್ಡವನು ಅಕ್ಕಾ, ದೇವರು ದೊಡ್ಡವನು. ಭಾವ, ಒಂದು ಲೋಟ ನೀರು ಕುಡೀರಿ" ಎಂದು ಅವಳೇ ನೀರು ತಂದಿಟ್ಟಳು.

ದೊಡ್ಡವನ ಕೈ ತುತ್ತಿನ ಮೇಲೆ ನಿಂತಿತ್ತು. ಅವನು ನೀರನ್ನೂ ನೋಡಲಿಲ್ಲ, ತಂದವಳನ್ನೂ ನೋಡಲಿಲ್ಲ.

"ಕೋಟು ಅವನ ಮೈಮೇಲಿತ್ತು" ಎಂದ.

ಅವನು ಇಪ್ಪತ್ತೆರಡು ವರ್ಷದಿಂದ ನಿಲ್ದಾಣದ ಸಾಮಾನು ಕೊಠಡಿ ನೋಡಿಕೊಳ್ಳುತ್ತಿದ್ದ. ಪ್ರಯಾಣಿಕರು ಪೆಟ್ಟಿಗೆ, ಚೀಲ ಇಟ್ಟುಹೋದರೆ ಒಂದು ಹಿತ್ತಾಳೆ ಬಿಲ್ಲೆಯನ್ನು ಚೀಲಕ್ಕೆ ಕಟ್ಟಿ, ಅದರ ಜೋಡಿಯನ್ನು ಅವರ ಕೈಗೆ ಕೊಡುವ ಕೆಲಸ. ಅದಕ್ಕೇ ಬೀದಿಗೆಲ್ಲ ಬಿಲ್ಲೆಯಣ್ಣ. ಅವನ ಕಾನೂನು ಎರಡೇ. ಬೀಗವಿಲ್ಲದ ಚೀಲ ತೆಗೆದುಕೊಳ್ಳಬಾರದು, ಕೋಟಿಲ್ಲದೆ ಕಿಟಕಿಯಲ್ಲಿ ಕೂರಬಾರದು. ತಮ್ಮ ಬೋರ್ಡು ಬರೆಯುವವನು. ನಿಲ್ದಾಣದಲ್ಲಿ ಬಸ್ಸಿನ ವೇಳಾಪಟ್ಟಿ ಬರೆಯಲು ಒಪ್ಪಿಕೊಂಡು, ಆ ವಾರವೆಲ್ಲ ಅಲ್ಲೇ ಏಣಿ ಹಾಕಿಕೊಂಡಿದ್ದ. ಅಣ್ಣನ ಕಾನೂನನ್ನು ಮನೆಯಲ್ಲಿ ಆಡಿಕೊಂಡು ನಗುವುದು ಅವನ ಚಾಳಿ. ಮಗಳು ಶಾಲೆಯ ಚೀಲ ತಂದರೂ, ಹೆಂಡತಿ ತರಕಾರಿ ಚೀಲ ತಂದರೂ ಮೂಗಿನಲ್ಲಿ ರಾಗ ಎಳೆದು "ಬೀಗ ಇದೆಯಾಽ?" ಎನ್ನುತ್ತಿದ್ದ.

ಅವತ್ತು ಅರ್ಧ ಗಂಟೆಯ ಮಟ್ಟಿಗೆ ಅಣ್ಣನ ಕೋಟು ತೊಟ್ಟು, ಅಣ್ಣನ ಕುರ್ಚಿಯಲ್ಲಿ ಕೂತಿದ್ದ.

ಕಿರಿಸೊಸೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹೊತ್ತೆಲ್ಲ ಅವಳ ತೋಳು ಓರಗಿತ್ತಿಯ ಕೊರಳಿನ ಸುತ್ತಲೇ ಇತ್ತು.

*

ಸತ್ತವರು ಒಟ್ಟು ಹತ್ತೊಂಬತ್ತು ಜನ. ಊರು ಒಂದು ವಾರ ಮನೆಗಿಂತ ಹೆಚ್ಚಾಗಿ ಬೀದಿಯಲ್ಲಿತ್ತು. ರಕ್ತ ಕೊಡಲು ಆಸ್ಪತ್ರೆಯ ಗೇಟಿನಾಚೆಯವರೆಗೂ ಸಾಲು ನಿಂತಿತು. ಟೈಲರುಗಳೆಲ್ಲ ಸೇರಿ ಹೆಣಗಳಿಗೆ ಹೊದಿಕೆ ಹೊಲಿದುಕೊಟ್ಟರು. ಹಿರಿಸೊಸೆ ಮೂರು ಹೊಲಿದಳು, ನಾಲ್ಕನೆಯದು ಮೈದುನನಿಗೆಂದು ನೆನಪಾಗಿ ಯಂತ್ರದ ಮೇಲೆ ತಲೆ ಇಟ್ಟಳು. ಕ್ಷೌರದಂಗಡಿಯವನು ತನ್ನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಯಾವ ಮನೆಯವರು ಯಾವ ದಿನ ಯಾವ ಸಾವಿನ ಮನೆಗೆ ಅಡುಗೆ ಕಳಿಸಬೇಕು ಎಂದು. ಯಾರೂ ಹೆಸರು ಅಳಿಸಲಿಲ್ಲ. ಎರಡು ವರ್ಷದಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಎದುರುಮನೆಯವಳೂ ಮುಚ್ಚಿದ ಪಾತ್ರೆ ತಂದಿಟ್ಟು, "ಉಪ್ಪು ಕಮ್ಮಿ ಆಗಿದ್ರೆ ಬೈಯ್ಯಿ. ಆದ್ರೆ ತಿನ್ನು" ಎಂದು ಹೋದಳು.

ಹೊರಗಿನಿಂದ ಬಂದ ಅನ್ನ ಒಂದೇ ಪಾತ್ರೆಯಲ್ಲಿ ಬರುತ್ತಿತ್ತು. ಉಣ್ಣುವುದು ಮಾತ್ರ ಎರಡು ಕಡೆ ಆಯಿತು. ಕಿರಿಸೊಸೆ ತನ್ನ ತಟ್ಟೆಯನ್ನೂ ಮಗಳ ತಟ್ಟೆಯನ್ನೂ ಹಿತ್ತಲ ಕಟ್ಟೆಗೆ ಒಯ್ದಳು. ಎಂಟು ವರ್ಷದ ಮಗಳಿಗೆ ಮನೆಯಲ್ಲಿ ಗುಬ್ಬಿ ಎಂದೇ ಹೆಸರು.

"ಅಮ್ಮಾ, ದೊಡ್ಡಪ್ಪ ಯಾಕೆ ನಮ್ಮ ಜೊತೆ ಉಣ್ಣಲ್ಲ?"

"ಅವರದು ಆಗಿದೆ. ಆವತ್ತೇ ಹೊಟ್ಟೆ ತುಂಬಾ ಆಗಿದೆ."

ಬಾಗಿಲಾಚೆ ಕೂತಿದ್ದವನಿಗೆ ಕೇಳಲೆಂದೇ ಆಡಿದ ಮಾತು. ಅವನು ಎದ್ದು ಕೈ ತೊಳೆದುಕೊಂಡ. ತಟ್ಟೆ ಹಾಗೇ ಇತ್ತು.

ಎರಡನೇ ವಾರ ಮಾತು ನೇರವಾಯಿತು. ಕೊಳಾಯಿಯ ಹತ್ತಿರ ಕೊಡ ಇಡುವ ವಿಷಯಕ್ಕೆ ಶುರುವಾದದ್ದು.

"ಸ್ವಲ್ಪ ಸರ್ಕೋ, ಅವರು ಸ್ನಾನಕ್ಕೆ ಹೋಗ್ಬೇಕು" ಎಂದಳು ಹಿರಿಸೊಸೆ.

"ಹೌದು, ಅವರದೇ ಎಲ್ಲಾ ಮೊದಲು. ಅವರ ಸ್ನಾನ, ಅವರ ಹಸಿವು. ಬೆಳಿಗ್ಗೆ ಅನ್ನ ಗಟ್ಟಿ ಆಯ್ತು ಅಂತ ಡಬ್ಬಿ ಕುಕ್ಕಿ ಹೋದೋರು ಸಂಜೆವರೆಗೂ ತಡ್ಕೊಳ್ಳೋಕೆ ಆಗ್ಲಿಲ್ವಾ? ಏಣಿ ಮೇಲಿದ್ದೋನ್ನ ಇಳಿಸಿ ಕುರ್ಚೀಲಿ ಕೂರಿಸಿ ಬರ್ಬೇಕಿತ್ತಾ?"

"ಬಾಯಿಗೆ ಬಂದ ಹಾಗೆ ಆಡ್ಬೇಡ. ಅವರಿಗೇನು ಕನಸು ಬಿದ್ದಿತ್ತಾ?"

"ನಿನಗೇನಕ್ಕಾ? ನಿನ್ನ ಗಂಡ ಸತ್ತ ಅಂತ ಊರೇ ಬಂದು ಅತ್ತು, ಸತ್ತಿಲ್ಲ ಅಂತ ನಕ್ಕು ಹೋಯ್ತು. ನಾನೂ ನಕ್ಕೆ. ದೇವರು ದೊಡ್ಡವನು ಅಂದೆ. ನನ್ನ ಗಂಡ ಅಲ್ಲಿ ಬಿದ್ದಿದ್ದಾಗ ಈ ಬಾಯಲ್ಲಿ ಅಂದೆ!" ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಹಿರಿಸೊಸೆ ಕೈ ಹಿಡಿಯಹೋದರೆ ಕೊಸರಿಕೊಂಡು ದೊಡ್ಡವನ ಎದುರಿಗೇ ಬಂದು ನಿಂತಳು.

"ಹೇಳಿ ಭಾವ. ಯಾಕೆ ಕರೆದ್ರಿ ಅವರನ್ನ?"

ದೊಡ್ಡವನು ತೊಟ್ಟಿಕ್ಕುತ್ತಿದ್ದ ಕೊಳಾಯಿಯನ್ನು ತಿರುಗಿಸಿ ಬಿಗಿ ಮಾಡಿದ.

"ಹಸಿವಾಗಿತ್ತು" ಎಂದ.

"ನಿಮ್ಮ ಹೊಟ್ಟೆ ನನ್ನ ಗಂಡನ್ನ ತಿಂತು."

ದೊಡ್ಡವನ ತಾಯಿ, ಎಲ್ಲರ ಬಾಯಲ್ಲೂ ಅಜ್ಜಿ, ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಆ ಮನೆಯಲ್ಲಿ ಹೊತ್ತು ಮುಳುಗುವಾಗ ಅಜ್ಜಿ ಪದ್ಯ ಹೇಳುವುದು ತಪ್ಪಿದ್ದಿಲ್ಲ. ಓದು ಬಾರದವಳು, ಕೇಳಿದ್ದನ್ನು ಮರೆಯದವಳು. ಅವಳ ಅಪ್ಪನಿಂದ ಬಾಯಿಂದ ಬಾಯಿಗೆ ಬಂದ ಸಾವಿರ ಸಾಲು ಅವಳಲ್ಲಿತ್ತು. ಆ ದಿನದಿಂದ ಒಂದು ಸಾಲೂ ಹೊರಗೆ ಬಂದಿರಲಿಲ್ಲ. ಈಗ ಅಜ್ಜಿ ಆರಿಸಿದ ಅಕ್ಕಿಗೇ ಆರಿಸಿದ ಕಲ್ಲನ್ನು ಹಾಕಿದಳು.

ಅವತ್ತು ಸಂಜೆ ಕಿರಿಸೊಸೆ ತವರಿಗೆ ಫೋನ್ ಮಾಡಿದಳು. ತಿಂಗಳು ಕಳೆದ ಮೇಲೆ ಒಂದು ಶನಿವಾರ ವ್ಯಾನು ತಂದು ಕರೆದುಕೊಂಡು ಹೋಗುವುದಾಗಿ ಅಣ್ಣ ಒಪ್ಪಿದ. ಅವಳು ಔಷಧದಂಗಡಿಯ ಕೆಲಸ ಬಿಡುವುದಾಗಿ ಹೇಳಿ ಬಂದಳು. ಗುಬ್ಬಿಯ ಶಾಲೆಯಲ್ಲಿ ಟಿ.ಸಿ. ಕೇಳಿದಳು.

*

ಮೂರನೇ ವಾರ ಸಾಮಾನು ಕೊಠಡಿ ತೆರೆಯಿತು. ಕಿಟಕಿಗೆ ಹೊಸ ಚೌಕಟ್ಟು, ಹೊಸ ಕುರ್ಚಿ. ಮೇಲಿನವರು ದೊಡ್ಡವನಿಗೆ ಹೊಸ ಕೋಟು ಕೊಟ್ಟರು, ನಂಬರು ಹನ್ನೊಂದೇ. ಗೋಡೆಯಲ್ಲಿ ವೇಳಾಪಟ್ಟಿ ಅರ್ಧ ಬರೆದು ನಿಂತಿತ್ತು. ನಾಲ್ಕು ಊರುಗಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆದಿತ್ತು, ಐದನೆಯದಕ್ಕೆ ಊರಿನ ಹೆಸರು ಮಾತ್ರ.

ಕೊಠಡಿಯೊಳಗೆ ಕಲ್ಲುಗೋಡೆಯ ಹಿಂದಿದ್ದ ಚೀಲಗಳಿಗೆ ಏನೂ ಆಗಿರಲಿಲ್ಲ. ಅವುಗಳಲ್ಲಿ ಐದಕ್ಕೆ ಬಿಲ್ಲೆ ಹಿಡಿದು ಬರುವವರಿರಲಿಲ್ಲ. ಮನೆಯವರು ಬರುತ್ತಿದ್ದರು.

"ನನ್ನ ಮಗಳು ಇಲ್ಲಿ ಚೀಲ ಇಟ್ಟಿದ್ಲಂತೆ. ಆಸ್ಪತ್ರೇಲಿ ದಾದಿ. ಬಿಲ್ಲೆ ಸಿಕ್ಕಿಲ್ಲಪ್ಪ."

"ಬೀಗ ಯಾವ ಥರದ್ದಮ್ಮ?"

"ಸಣ್ಣದು. ಕೆಂಪು ದಾರ ಕಟ್ಟಿದಾಳೆ, ಬೀಗದ ಕೈ ಯಾವಾಗಲೂ ಕಳ್ಕೊಳ್ತಾಳೆ ಅಂತ..." ದೊಡ್ಡವನು ಚೀಲ ತಂದು ಎರಡೂ ಕೈಯಿಂದ ಕೊಟ್ಟ. ಸಹಿ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬಿಲ್ಲೆಯಿಲ್ಲದೆ ಅವನು ಕೊಟ್ಟ ಮೊದಲ ಚೀಲ ಅದು.

ಮಧ್ಯಾಹ್ನ ಅವನು ಕುರ್ಚಿ ಬಿಡುತ್ತಿರಲಿಲ್ಲ. ಡಬ್ಬಿ ಕೊಟ್ಟರೆ ಬಾಗಿಲ ಹಿಂದೆ ಮರೆತು ಹೋಗುತ್ತಿದ್ದ. ಟೀ ಅಂಗಡಿಯವನು, "ಅಣ್ಣಾ, ಹತ್ತು ನಿಮಿಷ ನಾನು ಕೂರ್ತೀನಿ, ಹೋಗಿ ಬನ್ನಿ" ಎಂದ. ಹಮಾಲಿ ಕೇಳಿದ. ಪೇಪರು ಮಾರುವವನು ಕೇಳಿದ. ಒಬ್ಬೊಬ್ಬರಿಗೂ ಒಂದೇ ಉತ್ತರ: "ಬೇಡ. ಇನ್ನು ಈ ಕುರ್ಚೀಲಿ ನನ್ನ ಬಿಟ್ಟು ಯಾರೂ ಕೂರೋದು ಬೇಡ."

"ಸೊಂಟದಲ್ಲಿ ಪ್ಯಾಂಟು ನಿಲ್ತಾ ಇಲ್ಲ. ಎರಡು ಸಲ ಒಳಗೆ ಹಿಡಿದು ಹೊಲಿದೆ" ಎಂದಳು ಹಿರಿಸೊಸೆ ಅತ್ತೆಯ ಹತ್ತಿರ. "ಮೂರನೇ ಸಲಕ್ಕೆ ಬಟ್ಟೆಯೇ ಉಳಿಯೋದಿಲ್ಲ. ನೀವಾದ್ರೂ ಹೇಳಿ, ನಿಮ್ಮ ಮಾತು ಕೇಳ್ತಾರೆ."

"ಕೇಳ್ತಾನೆ" ಎಂದಳು ಅಜ್ಜಿ. "ನನ್ನ ಮಾತು ಕೇಳ್ತಾರೆ, ನನ್ನ ಮಕ್ಕಳು." ಮತ್ತೆ ಮೊರಕ್ಕೆ ಬಾಗಿದಳು.

ನಿಲ್ದಾಣದ ಬಾಗಿಲಲ್ಲಿ ಸತ್ತವರ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಕೊನೆಯ ಹೆಸರು ದೊಡ್ಡವನದು. ಕೋಟಿನ ನಂಬರು ನೋಡಿ ಬರೆದದ್ದು. ಬೋರ್ಡು ಬರೆಯುವವನ ಹೆಸರೇ ಇರಲಿಲ್ಲ. ದೊಡ್ಡವನು ಎರಡು ಸಲ ಕಚೇರಿಗೆ ಹೋಗಿಬಂದ.

"ಪಟ್ಟಿ ಮೇಲಿಂದ ಬಂದಿದ್ದು ಬಿಲ್ಲೆಯಣ್ಣ. ತಿದ್ದಬೇಕಂದ್ರೆ ಸಂಬಂಧಪಟ್ಟವರು ಅರ್ಜಿ ಕೊಡ್ಬೇಕು" ಎಂದ ಗುಮಾಸ್ತ.

"ಸಂಬಂಧಪಟ್ಟ ಸತ್ತವನು ನಾನೇ. ಕೊಡ್ತಾ ಇದೀನಿ."

ಗುಮಾಸ್ತನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅರ್ಜಿ ತೆಗೆದುಕೊಂಡು ಡಬ್ಬಣ ಚುಚ್ಚಿ ಕಡತಕ್ಕೆ ದಾರ ಕಟ್ಟಿದ. ಪಟ್ಟಿ ಹಾಗೇ ಇತ್ತು.

*

ಪ್ರತಿ ವಾರ ಅದೇ ದಿನ, ಬಾಂಬು ಸಿಡಿದ ಹೊತ್ತಿಗೆ, ಒಂದು ಗಂಟೆ ಹತ್ತು ನಿಮಿಷಕ್ಕೆ, ಊರಿನವರು ನಿಲ್ದಾಣದಲ್ಲಿ ಬಂದು ನಿಲ್ಲುತ್ತಿದ್ದರು. ಭಾಷಣವಿಲ್ಲ. ಬಸ್ಸುಗಳು ಎಂಜಿನ್ ಆರಿಸುತ್ತಿದ್ದವು. ಯಾರಾದರೊಬ್ಬರು ಪಟ್ಟಿ ಓದುತ್ತಿದ್ದರು. ನಾಲ್ಕನೇ ವಾರ ಓದಲು ನಿಂತವನು ಹಣ್ಣಿನಂಗಡಿಯವನು. ಏಳನೆಯ ಹೆಸರು ಅವನ ಹೆಂಡತಿಯದು. ಅಲ್ಲಿಗೆ ಬಂದವನು ಕಾಗದ ಮಡಚಿಬಿಟ್ಟ.

ಗುಂಪಿನ ನಡುವಿನಿಂದ ಅಜ್ಜಿ ಮುಂದುವರಿಸಿದಳು. ಕಾಗದವಿಲ್ಲದೆ, ಪದ್ಯ ಹೇಳುವ ಅದೇ ಧಾಟಿಯಲ್ಲಿ. ಸಾವಿನ ಮನೆಗಳಿಂದ ಬಂದು ಹೋದವರ ಮಾತನ್ನು ಕೇಳಿ ಕೇಳಿ ಒಂದೊಂದು ಹೆಸರಿಗೂ ಒಂದು ಸಾಲು ಕಟ್ಟಿದ್ದಳು.

"ಹಣ್ಣಿನಂಗಡಿಯ ಗೃಹಿಣಿ ಒಬ್ಬಳು, ಚಿಲ್ಲರೆ ತರಲು ಹೋಗಿದ್ದಳು. ರಾತ್ರಿಪಾಳಿಯ ದಾದಿಯರಿಬ್ಬರು, ಒಂದೇ ಕೊಡೆಯಲಿ ನಿಂತಿದ್ದರು. ಹಲ್ಲು ಕೀಳಿಸಲು ಹೊರಟ ಮೇಷ್ಟರು, ಹೆದರಿಕೆ ಮುಚ್ಚಿ ನಕ್ಕಿದ್ದರು..."

ಜನ ತಲೆ ಬಾಗಿಸಿದರು. ಕೊನೆಗೆ ಬಂದಳು: "ಸಾಮಾನು ಕಾಯುವ ಹನ್ನೊಂದನೆ ಕೋಟು, ಕಿಟಕಿಯ ಬಳಿಯೇ ಕೂತಿತ್ತು."

ಕಿರಿಸೊಸೆ ಮನೆಯೊಳಗೆ ಕಾಲಿಟ್ಟವಳೇ ಕೇಳಿದಳು.

"ಅತ್ತೆ, ಎಲ್ಲರೂ ಇದ್ರು ನಿಮ್ಮ ಪದ್ಯದಲ್ಲಿ. ನನ್ನ ಗಂಡ ಎಲ್ಲಿ?"

"ಪಟ್ಟೀಲಿ ಕೇಳಿದ ಹಾಗೆ ಹೇಳಿದೆನಮ್ಮ."

"ಕೇಳಿದ ಪಾಠವೇ ತಪ್ಪಿದ್ರೆ ತಿದ್ದೋದು ಯಾರ ಕೆಲಸ? ಕೋಟು ಕೂತಿತ್ತಂತೆ, ಕೋಟು! ಕೋಟಿಗೆ ಹೆಂಡತಿ ಇದ್ಲಾ? ಕೋಟಿಗೆ ಮಗಳಿದಾಳಾ? ಮುಂದಿನ ಶನಿವಾರ ಅಣ್ಣ ಬರ್ತಾನೆ. ಹೆಸರೇ ಇಲ್ಲದ ಮನೇಲಿ ಯಾಕಿರ್ಲಿ ನಾನು?"

ಗುಬ್ಬಿ ಪೆಟ್ಟಿಗೆಯಲ್ಲಿ ತನ್ನ ಪುಸ್ತಕ ಜೋಡಿಸುತ್ತಿತ್ತು. "ಅಜ್ಜೀ, ಈ ಪೆಟ್ಟಿಗೆಗೆ ಬೀಗ ಇಲ್ಲ" ಎಂದಿತು. ಯಾರೂ ನಗಲಿಲ್ಲ.

*

ಐದನೇ ವಾರ ಅಜ್ಜಿಯನ್ನೇ ಮುಂದೆ ನಿಲ್ಲಿಸಿ ಮೈಕು ಕೊಟ್ಟರು. ಹದಿನೆಂಟು ಸಾಲು ಹೇಳಿದಳು, ಒಂದಕ್ಷರ ತಪ್ಪದೆ. ಆಮೇಲೆ ನಿಂತಳು. ಜನ ಮರೆತಳೆಂದುಕೊಂಡರು. ಮುಂದಿದ್ದ ಟೀ ಅಂಗಡಿಯವನು ಮೆಲ್ಲಗೆ ನೆನಪಿಸಿದ: "ಹನ್ನೊಂದನೆ ಕೋಟು, ಅಜ್ಜಿ."

"ಗೊತ್ತಪ್ಪ" ಎಂದಳು. ಧಾಟಿ ಬಿಟ್ಟು ಮಾತಿಗೆ ಇಳಿದಿದ್ದಳು. "ಹತ್ತೊಂಬತ್ತನೆಯವನು ನನ್ನ ಚಿಕ್ಕ ಮಗ. ಕಾಗದದಲ್ಲಿ ಅವನಿಲ್ಲ. ಈ ಊರಿನ ಅರ್ಧ ಬೋರ್ಡು ಅವನ ಕೈಯದು. ಆ ಗೋಡೆ ಮೇಲೆ ನೋಡಿ, ಅರ್ಧ ಬರೆದಿದಾನಲ್ಲ, ಅವನೇ. ಅವನನ್ನ ಆ ಕುರ್ಚೀಲಿ ಕೂರಿಸಿದ್ದು ಅವನಣ್ಣ ಅಲ್ಲ. ಅವನಣ್ಣ ಕರೀಲಿಲ್ಲ. ನಾನು ಫೋನ್ ಮಾಡಿದೆ. 'ನಿನ್ನಣ್ಣ ಸಿಟ್ಟಲ್ಲಿ ಡಬ್ಬಿ ಬಿಟ್ಟು ಹೋಗಿದಾನೆ, ಹಸಿದಿರ್ತಾನೆ. ಅರ್ಧ ಗಂಟೆ ನೀನು ಕೂತ್ಕೋ, ಅವನನ್ನ ಊಟಕ್ಕೆ ಕಳಿಸು' ಅಂದೆ. 'ಆಯ್ತಮ್ಮ' ಅಂದ. ಒಂದೇ ಮಾತು. ಐದು ವಾರ ನನ್ನ ದೊಡ್ಡ ಮಗ ಅದನ್ನ ತನ್ನ ತಲೆ ಮೇಲೆ ಹೊತ್ಕೊಂಡ. ನಾನು ಹೊರಿಸಿಬಿಟ್ಟೆ. ದೇವರ ಮುಂದೆ ಸುಳ್ಳು ಪಾಠ ಹೇಳಿದೆ. ಇವತ್ತು ತಿದ್ದಿದೀನಿ. ಇಷ್ಟೇ."

ಮೈಕು ಕೊಡಲು ಕೈ ಚಾಚಿದಳು. ತೆಗೆದುಕೊಳ್ಳಲು ಒಂದು ಗಳಿಗೆ ಯಾರೂ ಬರಲಿಲ್ಲ. ಆಮೇಲೆ ಹಣ್ಣಿನಂಗಡಿಯವನು ಬಂದು ಮೈಕಿನ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡ. ಗುಂಪಿನಲ್ಲಿದ್ದ ಕಚೇರಿಯ ಗುಮಾಸ್ತ, ಯಾರ ಅಪ್ಪಣೆಗೂ ಕಾಯದೆ, ಬಾಗಿಲಿಗೆ ಅಂಟಿಸಿದ್ದ ಪಟ್ಟಿಯ ಬಳಿ ಹೋಗಿ ಕೊನೆಯ ಹೆಸರು ಹೊಡೆದುಹಾಕಿ, ತನ್ನ ಪೆನ್ನಿನಲ್ಲಿ ಬೋರ್ಡು ಬರೆಯುವವನ ಹೆಸರು ಬರೆದ. ಅಕ್ಷರ ಸೊಟ್ಟಗಿತ್ತು.

ಮನೆಯಲ್ಲಿ ಆ ದಿನ ಬೇರೆಯವರ ಮನೆಯ ರೊಟ್ಟಿ ಮುಚ್ಚಿದ ಹಾಗೇ ತಣ್ಣಗಾಯಿತು.

"ಐದು ವಾರ" ಎಂದಳು ಕಿರಿಸೊಸೆ. "ದಿನಾ ಅವರನ್ನ ತಿವೀತಿದ್ದೆ. ನೀವು ಅಕ್ಕಿ ಆರಿಸ್ತಾ ಕೂತಿದ್ರಿ."

"ಬೈಯಮ್ಮ. ಬೈದುಬಿಡು."

"ಬೈಯೋಕೆ ನನ್ನ ಹತ್ರ ಏನೂ ಉಳಿದಿಲ್ಲ ಅತ್ತೆ. ಇದ್ದಿದ್ದೆಲ್ಲ ಅವರ ಮೇಲೆ ಖರ್ಚಾಗ್ಹೋಯ್ತು." ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ದೊಡ್ಡವನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ಅವನು ಏಣಿಯಿಂದ ಇಳಿದು ಬಂದು, 'ಅಮ್ಮನ ಅಪ್ಪಣೆ ಆಗಿದೆ, ಕೋಟು ಬಿಚ್ಚು' ಅಂದ" ಎಂದು ದೊಡ್ಡವನು ಚಪ್ಪಲಿಗೇ ಹೇಳಿದ. "ಅಮ್ಮನಿಗೆ ಎಪ್ಪತ್ತೆರಡು. ನನ್ನ ಬೆನ್ನು ಇನ್ನೂ ಗಟ್ಟಿ ಇದೆ. ಮತ್ತೆ... ಸುಳ್ಳೇನೂ ಹೇಳಿಲ್ಲ. ಹಸಿವಾಗಿದ್ದು ನಿಜ."

*

ಶನಿವಾರ ಹತ್ತು ಗಂಟೆಗೆ ವ್ಯಾನು ಬಂತು. ಕಿರಿಸೊಸೆಯ ಅಣ್ಣ ಪೆಟ್ಟಿಗೆ ಎತ್ತಲು ಬಗ್ಗಿದ.

"ಇಡು ಅಣ್ಣ. ಅದಕ್ಕೆ ಬೀಗ ಇಲ್ಲ."

"ಹಗ್ಗ ಕಟ್ಟಿದ್ರೆ ಆಯ್ತು."

"ಬೀಗ ಇಲ್ಲದ್ದನ್ನ ಈ ಮನೆಯಿಂದ ಒಯ್ಯೋ ಹಾಗಿಲ್ಲ. ಇಲ್ಲಿಯ ಕಾನೂನು" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಬಂದೋನು ಊಟ ಮಾಡ್ಕೊಂಡು ಹೋಗು. ಇವತ್ತು ನಾನೇ ಮಾಡ್ತೀನಿ."

ಐದು ವಾರದ ಮೇಲೆ ಆ ಮನೆಯ ಒಲೆ ಹತ್ತಿತು. ಅನ್ನ, ಬೇಳೆ, ಹುರುಳಿಕಾಯಿ ಪಲ್ಯ. ಹಿರಿಸೊಸೆ ಕಾಯಿ ಹೆಚ್ಚಿಕೊಟ್ಟಳು.

ಒಂದಕ್ಕೆ ಐದು ನಿಮಿಷವಿರುವಾಗ ಸಾಮಾನು ಕೊಠಡಿಯ ಕಿಟಕಿಯೆದುರು ಡಬ್ಬಿ ಬಂದು ಕೂತಿತು. ದೊಡ್ಡವನು ತಲೆಯೆತ್ತಿದ.

"ಕೋಟು ಬಿಚ್ಚಿ ಭಾವ."

"ಏನು?"

"ಕೋಟಿಲ್ಲದೆ ಕಿಟಕೀಲಿ ಕೂರಬಾರದು ಅಂತೀರಲ್ಲ. ಕೊಡಿ."

"ಬೇಡಮ್ಮ. ಆ ಕುರ್ಚೀಲಿ..."

"ಯಾವ ಕುರ್ಚಿ ಅಂತ ನನಗೆ ಗೊತ್ತು. ಎದ್ದೇಳಿ."

ಸುತ್ತ ಜನ ಇದ್ದರು. ಹಮಾಲಿ ಹೆಗಲ ಮೂಟೆ ಇಳಿಸಲು ಮರೆತು ನಿಂತಿದ್ದ. ದೊಡ್ಡವನು ಗುಂಡಿ ಬಿಚ್ಚಿದ. ಮೂರನೆಯದು ಕೈಗೆ ಸಿಗಲಿಲ್ಲ, ಅವಳು ಕಾದಳು. ಕೋಟು ತೊಟ್ಟುಕೊಂಡಾಗ ತೋಳು ಅವಳ ಬೆರಳನ್ನೂ ಮುಚ್ಚಿತು. ಎರಡು ಮಡಿಕೆ ಮಡಚಿಕೊಂಡಳು.

"ಬೇಗ ಬಂದ್ಬಿಡ್ತೀನಿ" ಎಂದ ದೊಡ್ಡವನು.

"ಬೇಗ ಬರಬೇಡಿ. ಅಗಿದು ತಿನ್ನಿ. ನಾನು ಎಲ್ಲಾ ಮರೆತೆ ಅಂತ ತಿಳ್ಕೋಬೇಡಿ, ಮರೆತಿಲ್ಲ. ಆದ್ರೆ ಅವರು ಇಲ್ಲಿ ಕೂತಿದ್ದು ನೀವು ಊಟ ಮಾಡ್ಲಿ ಅಂತ. ಅದೊಂದಾದ್ರೂ ದಂಡ ಆಗ್ಬಾರದು."

ಅವನು ಕೊಳಾಯಿಯ ಪಕ್ಕದ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿದ. ಅನ್ನದ ನಡುವೆ ಗುಳಿ ಮಾಡಿ ಬೇಳೆ ಹಾಕಿಟ್ಟಿತ್ತು.

ಅವಳು ಕುರ್ಚಿಯಲ್ಲಿ ಕೂತಳು. ಎದುರು ಗೋಡೆಯ ಮೇಲೆ ಗಂಡನ ಅಕ್ಷರ: ನಾಲ್ಕು ಊರು ಪೂರ್ತಿ, ಐದನೆಯದು ಅರ್ಧ. ಕೂತವನಿಗೆ ಕಾಣುವುದು ಅದೇ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಒಬ್ಬ ಪ್ರಯಾಣಿಕ ಕಪ್ಪು ಚೀಲವೊಂದನ್ನು ಕಟ್ಟೆಯ ಮೇಲಿಟ್ಟ. ಅವಳು ಆ ಚೀಲವನ್ನು ನೋಡಿದಳು. ಕೈ ಮುಂದೆ ಹೋಗಲಿಲ್ಲ. ಟೀ ಅಂಗಡಿಯಲ್ಲಿ ಲೋಟದ ಸದ್ದು ನಿಂತಿತು.

"ಸಂಜೆ ತಗೊಂಡು ಹೋಗ್ತೀನಮ್ಮ" ಎಂದ ಪ್ರಯಾಣಿಕ.

ಅವಳು ಉಸಿರೆಳೆದುಕೊಂಡಳು. ಮಾತು ಹೊರಬಂದಾಗ ಅದು ಅವಳ ಧಾಟಿಯಲ್ಲಿರಲಿಲ್ಲ. ಮೂಗಿನಲ್ಲಿ ಎಳೆದ ಇನ್ನೊಬ್ಬರ ರಾಗ.

"ಬೀಗ ಇದೆಯಾಽ?"

ಬೆಂಚಿನ ಮೇಲೆ ದೊಡ್ಡವನ ಕೈ ತುತ್ತಿನ ಮೇಲೆ ನಿಂತಿತು. ಆಮೇಲೆ ಅವನು ಅದನ್ನು ಬಾಯಿಗಿಟ್ಟುಕೊಂಡ.